ಎಡಕ್ಕೆ ಏರಿದ ಸುತ್ತು

“ಮುಟ್ಟಬೇಡ. ಮೊದಲು ಕನ್ನಡಕ ಹಾಕ್ಕೋ, ಆಮೇಲೆ ನೋಡು,” ಎಂದ ಸ್ಟಿಕ್ಕಜ್ಜ.

ಬೆಂಚಕ್ಕ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅರವತ್ತೆರಡರ ಪ್ರಾಯದಲ್ಲಿ ಗದರಿಸಿಕೊಳ್ಳುವ ಸುಖ ಎಲ್ಲರಿಗೂ ಸಿಗುವಂಥದ್ದಲ್ಲ; ಅದಕ್ಕೆ ಗದರಿಸುವವರು ಬದುಕಿರಬೇಕು. ಹಾಕಿ ಸ್ಟಿಕ್ಕುಗಳ ದುರಸ್ತಿ ಮಾಡುವ ಈ ಮುದುಕನಿಗೆ ಎಂಬತ್ತೆರಡು. ಇಡೀ ಕ್ಲಬ್ಬಿಗೆ ಅಜ್ಜನಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಅವಳ ಬಾಯಲ್ಲಿ ಮಾತ್ರ ಆತ ಇನ್ನೂ ಮಾಮ.

“ಹಾಕ್ಕೊಂಡೇ ಇದೀನಿ ಮಾಮ.”

“ಹಾಗಿದ್ರೆ ಒರೆಸ್ಕೋ. ಆರು ವರ್ಷ ಬೆಂಚಿನ ಮೇಲೆ ಕೂತು ನೋಡಿದ್ದೇ ಕೆಲಸ ನಿಂದು. ನೋಡೋದನ್ನೂ ನಾನು ಹೇಳಿಕೊಡ್ಬೇಕಾ?”

ಹೆಸರು ಬಂದದ್ದೇ ಆ ಬೆಂಚಿನಿಂದ. ಅವಳು ಈ ಹೆಂಗಸರ ತಂಡದ ಮೀಸಲು ಗೋಲ್‌ಕೀಪರ್ ಆಗಿದ್ದವಳು. ಆರು ಸೀಸನ್‌ಗಳಲ್ಲಿ ಮೈದಾನಕ್ಕಿಳಿದದ್ದು ಒಟ್ಟು ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ಚೆಂಡು ಅವಳ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಉಳಿದ ಹೊತ್ತೆಲ್ಲ ಕೂತು ನೋಡಿದ್ದೇ. ಆ ಅಭ್ಯಾಸವೇ ಮುಂದೆ ಅನ್ನ ಹಾಕಿತು: ವಿಮಾ ಕಂಪನಿಯೊಂದರ ತನಿಖಾ ವಿಭಾಗದಲ್ಲಿ ಮೂವತ್ತು ವರ್ಷ, ತಾವಾಗಿಯೇ ಹೊತ್ತಿಕೊಂಡವೆಂದು ಹೇಳಲಾದ ಗೋದಾಮುಗಳ ಬೂದಿ ಕೆದಕುವ ಕೆಲಸ.

ಮೇಜಿನ ಮೇಲೆ ಮಿಂಚುವಿನ ಸ್ಟಿಕ್ ಮಲಗಿತ್ತು. ಮಂಗಳವಾರ ಹಿಡಿಕೆಗೆ ಹಳೆಯ ಗ್ರಿಪ್ ಪಟ್ಟಿ ಸುತ್ತಿಕೊಂಡಿದ್ದದ್ದು ಬುಧವಾರ ಬೆಳಿಗ್ಗೆ ಹೊಸ ಗ್ರಿಪ್ ತೊಟ್ಟುಕೊಂಡಿತ್ತು. ತೊಡಿಸಿದವರು ಯಾರೆಂದು ಈ ಶುಕ್ರವಾರ ಸಂಜೆ ಐದರೊಳಗೆ ಹೇಳುವುದು ಬೆಂಚಕ್ಕನ ತಲೆಗೆ ಬಂದಿತ್ತು. ಐದಕ್ಕೆ ಕಮಿಟಿ. ಆರಕ್ಕೆ ಆಟಗಾರ್ತಿಯರ ಅದಲುಬದಲಿಗೆ ಲೀಗ್ ಬಾಗಿಲು ಹಾಕುತ್ತದೆ.

ಮಿಂಚು ಎಂದರೆ ಲೀಗಿನ ಅತಿ ದೊಡ್ಡ ಹೆಸರು. ಮೂರು ವರ್ಷದಲ್ಲಿ ನೂರಾ ನಾಲ್ಕು ಗೋಲು. ಅವಳನ್ನು ಬಿಟ್ಟುಕೊಡಲು ಅವಳ ಕ್ಲಬ್ ತಯಾರಿತ್ತು. ಬದಲಿಗೆ ಕೇಳಿದ್ದು ಮೂವರನ್ನು. ಮುಂಚೂಣಿಯಲ್ಲಿ ಆಡುವ ಹತ್ತೊಂಬತ್ತರ ಅವಳಿ ಹುಡುಗಿಯರು. ಅವರ ಜೊತೆಗೆ ಗೋಲ್‌ಕೀಪರ್ ‘ಕೋಟೆ’.

ಕೋಟೆ ಬೆಂಚಕ್ಕನ ಅಕ್ಕನ ಮಗಳು. “ನಿಮಗೆ ಸಂಬಂಧ ಇದೆಯಲ್ಲ, ತನಿಖೆ ನೀವು ಮಾಡಬಹುದಾ?” ಎಂದು ಕೋಚ್ ಕೇಳಿದ್ದ. “ಸಂಬಂಧ ಇಲ್ಲದವರು ಯಾರು ಬರ್ತಾರೆ, ನೀವೇ ಕರ್ಕೊಂಡು ಬನ್ನಿ,” ಎಂದು ಕಾರ್ಯದರ್ಶಿ ಅವನ ಬಾಯಿ ಮುಚ್ಚಿಸಿದ್ದ.

ಅದಲುಬದಲಿಗೆ ಮೊದಲು ಆಟಗಾರ್ತಿ ಆಡಿ ಹಳತಾದ ಸ್ಟಿಕ್ಕನ್ನು ಎದುರಿನ ಕ್ಲಬ್ಬಿಗೆ ಕಳಿಸುವುದು ಈ ಲೀಗಿನ ಹಳೆಯ ಪದ್ಧತಿ. ಈಗಿನವರು ಅದನ್ನು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಅಜ್ಜ ಒಬ್ಬನೇ ಅದನ್ನು ಓದುತ್ತಾನೆ. ಓದಿದ್ದನ್ನು ಮಂಗಳವಾರದ ಚಹಾ ಹೊತ್ತಿನಲ್ಲಿ ಎಲ್ಲರೆದುರು ಹೇಳಿಯೂ ಬಿಟ್ಟಿದ್ದ; ಸ್ಟಿಕ್ ಮಾತ್ರ ಅವನ ಕೋಣೆಯಲ್ಲೇ ಇತ್ತು.

“ಇನ್ನೊಂದ್ಸಲ ಹೇಳಿ ಮಾಮ. ಆವತ್ತು ಕಂಡಿದ್ದೇನು?”

“ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. ತಿರುಗಿಸೋದೆಲ್ಲ ಎಡಗೈ. ಬಲಗೈ ಸುಮ್ನೆ ಜೊತೆಗೆ ಬಂದ ನೆಂಟ. ಅದಕ್ಕೇ ಗ್ರಿಪ್ ಸವೆಯೋದು ಮೇಲ್ಗಡೆ. ಇವಳದ್ದು ಮೇಲ್ಗಡೆ ಅಂಗಡಿಯಿಂದ ತಂದ ಹಾಗಿತ್ತು. ಕೆಳಗಡೆ ಮರ ಕಾಣಿಸ್ತಿತ್ತು.”

“ಅಂದ್ರೆ?”

“ಅಂದ್ರೆ ಎಡಗೈ ಕೆಲಸ ಬಲಗೈ ಮಾಡ್ತಿದೆ. ಆ ಹುಡುಗಿಯ ಎಡ ಮಣಿಕಟ್ಟು ಹೋಗಿದೆ. ಅವರ ಡಾಕ್ಟ್ರು ಏನೇ ಬರ್ಕೊಡ್ಲಿ.”

ಕೋಚ್ ನಕ್ಕಿದ್ದ. ನಾಳೆ ಬೆಳಿಗ್ಗೆ ಬಂದು ನಾನೇ ನೋಡ್ತೀನಿ ಎಂದಿದ್ದ. ಬಂದು ನೋಡಿದರೆ, ಮೇಲಿಂದ ಕೆಳಗಿನವರೆಗೂ ಹೊಚ್ಚ ಹೊಸ ನೀಲಿ ಗ್ರಿಪ್. “ಅಜ್ಜನ ಕಣ್ಣಿಗೆ ವಯಸ್ಸಾಯ್ತು,” ಎಂದು ಅವನು ಬುಧವಾರ ಹತ್ತು ಗಂಟೆಯೊಳಗೆ ಹತ್ತು ಜನರಿಗೆ ಹೇಳಿದ್ದ. ಅರವತ್ತು ವರ್ಷದಿಂದ ಕೈಯಲ್ಲಿ ಮರ ಹಿಡಿದ ಮನುಷ್ಯನಿಗೆ ಬಿದ್ದ ಪೆಟ್ಟು ಅದು. ಆವತ್ತಿನಿಂದ ಅಜ್ಜ ಸರಿಯಾಗಿ ಚಹಾ ಕುಡಿದಿರಲಿಲ್ಲ.

ಬೆಂಚಕ್ಕ ಬಗ್ಗಿದಳು. ಬಗ್ಗದೆ ವಿಧಿಯೂ ಇರಲಿಲ್ಲ. ಪೆವಿಲಿಯನ್ನಿನ ಮೆಟ್ಟಿಲ ಕೆಳಗಿನ ಆ ಕೋಣೆಗೆ ಚಾವಣಿ ಓರೆ, ಒಳಗೆ ಹೋದಂತೆಲ್ಲ ಮನುಷ್ಯ ವಿನಯ ಕಲಿಯುತ್ತಾನೆ. ಅಂಟು, ಮರದ ಪುಡಿ, ಅಗಸೆ ಎಣ್ಣೆ, ಯಾರದೋ ಒದ್ದೆ ಕಾಲುಚೀಲ. ನಲವತ್ತು ವರ್ಷವಾದರೂ ವಾಸನೆ ಒಂದು ಗೆರೆಯೂ ಆಚೀಚೆ ಆಗಿಲ್ಲ. ಇದೇ ಸ್ಟೂಲಿನ ಮೇಲೆ ಕೂತು ಹೊಸಬರೆಲ್ಲ ತಮ್ಮ ಮೊದಲ ಗ್ರಿಪ್ ತಾವೇ ಸುತ್ತಬೇಕಿತ್ತು. ಅವಳದ್ದನ್ನು ಅಜ್ಜ ಏಳು ಸಲ ಬಿಚ್ಚಿಸಿದ್ದ. ಎಂಟನೆಯ ಸಲ ಏನೂ ಹೇಳಲಿಲ್ಲ. ಅದೇ ಅವಳ ಹಾಕಿ ಜೀವನದ ದೊಡ್ಡ ಪ್ರಶಸ್ತಿ.

“ಇದನ್ನ ಕೆಳಗಿಂದ ಮೇಲಕ್ಕೆ ಸುತ್ತಿದಾರೆ ಮಾಮ.”

“ಹೂಂ.”

ಜಗತ್ತೆಲ್ಲ ಗ್ರಿಪ್ ಸುತ್ತುವುದು ಮೇಲಿನ ತುದಿಯಿಂದ. ಈ ಕೋಣೆಯಲ್ಲಿ ಮಾತ್ರ ಕೆಳಗಿನಿಂದ, ಮಾಡಿಗೆ ಹೆಂಚು ಹೊದಿಸುವ ಕ್ರಮದಲ್ಲಿ: ಮೇಲಿನ ಸುತ್ತು ಕೆಳಗಿನ ಸುತ್ತಿನ ಮೇಲೆ ಕೂರಬೇಕು, ಬೆವರು ಒಳಗಿಳಿಯದೆ ಜಾರಿ ಹೋಗಬೇಕು. ಇದು ಈ ಅಜ್ಜನ ತಲೆಯಿಂದ ಬಂದ ವಿದ್ಯೆ. ಕಲಿತವರ ಕೈ ಆಮೇಲೆ ಬೇರೆ ಥರ ಸುತ್ತಲು ಒಪ್ಪುವುದೇ ಇಲ್ಲ.

ಹೊರಗಿನಿಂದ ಬಂದ ಕೋಚ್ ತನ್ನ ಸ್ಟಿಕ್ಕನ್ನು ಮೇಲಿನಿಂದಲೇ ಸುತ್ತುತ್ತಾನೆ. ಅದಕ್ಕಾಗಿ ನಾಲ್ಕು ವರ್ಷದಿಂದ ಅಜ್ಜನ ಬೈಗುಳ ತಿನ್ನುತ್ತಿದ್ದಾನೆ. ಕಾರ್ಯದರ್ಶಿ ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದದ್ದು ಫೈಲು ಮತ್ತು ಬಿಸ್ಕತ್ತು. ಅಲ್ಲಿಗೆ ಇದು ಹೊರಗಿನವರ ಕೆಲಸವಲ್ಲ. ಗುಟ್ಟು ಮುಚ್ಚಲು ಬಂದ ಕೈ, ತಾನು ಯಾರ ಮನೆಯ ಕೈ ಎಂಬುದನ್ನು ಮುಚ್ಚಲು ಮರೆತಿತ್ತು.

ಅವಳು ಬೆರಳಿನಿಂದ ಗ್ರಿಪ್ಪಿನ ಅಂಚನ್ನು ಸವರಿದಳು. ಸುತ್ತುವ ಕೈ ಬಲಗೈಯಾದರೆ ಈ ಅಂಚಿನ ಗೆರೆ ಬಲಕ್ಕೆ ಏರುತ್ತದೆ. ಇದು ಎಡಕ್ಕೆ ಏರಿತ್ತು.

ಅಜ್ಜ ಅಂಟಿನ ಡಬ್ಬಿಯ ಮುಚ್ಚಳ ಮುಚ್ಚಿದ. ಅದು ಮೊದಲೇ ಮುಚ್ಚಿತ್ತು.

“ಮಾಮ, ಇದು ಎಡಗೈಯವರು ಸುತ್ತಿದ್ದು.”

“ನಾನೇನೂ ಹೇಳಲಿಲ್ಲ.”

“ಹೇಳ್ಬೇಡಿ. ಈ ಕ್ಲಬ್ಬಲ್ಲಿ ಎಡಗೈಯವಳು ಒಬ್ಬಳೇ.”

ಹಾಕಿಯಲ್ಲಿ ಎಡಗೈಯವರಿಗೆಂದು ಸ್ಟಿಕ್ಕೇ ಇಲ್ಲ. ಆಡಬೇಕೆಂದರೆ ಬಲಗೈಯವರಂತೆ ಆಡಬೇಕು. ಹಾಗೆ ಆಡಿಯೂ ಈ ತಂಡಕ್ಕೆ ಎರಡು ಕಪ್ ಗೆದ್ದುಕೊಟ್ಟವಳು ಒಬ್ಬಳಿದ್ದಳು. ಮೆಟ್ಟಿಲ ಮೇಲಿನ ಕೋಣೆಯಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದಳು ಈಗ.

*

ಅಧ್ಯಕ್ಷೆಯಾಗಿ ಎಂಟು ವರ್ಷವಾದರೂ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಕ್ಯಾಪ್ಟನ್ ಎಂದರೆ ಕ್ಯಾಪ್ಟನ್.

“ಬಾರೇ. ಯಾರನ್ನ ಹಿಡಿದೆ?” ಎಂದಳು ಕ್ಯಾಪ್ಟನ್, ಕಾಗದದಿಂದ ತಲೆ ಎತ್ತದೆ.

“ಇನ್ನೂ ಹಿಡೀಬೇಕು. ಅದಕ್ಕೇ ಬಂದೆ.”

ಕ್ಯಾಪ್ಟನ್ನಿನ ತಲೆಯ ಹಿಂದೆ ಹಳೆಯ ತಂಡದ ಫೋಟೋ. ನಡುವೆ ಇಪ್ಪತ್ತನಾಲ್ಕರ ಕ್ಯಾಪ್ಟನ್, ಸೊಂಟದ ಮೇಲೆ ಕೈ, ಫೋಟೋದವನಿಗೇ ಅಪ್ಪಣೆ ಕೊಡುವ ಮುಖ. ಬಲ ಅಂಚಿನಲ್ಲಿ ಬೆಂಚಕ್ಕ, ಅಥವಾ ಬೆಂಚಕ್ಕನ ಮುಕ್ಕಾಲು ಭಾಗ. ಉಳಿದ ಕಾಲು ಭಾಗವನ್ನು ಚೌಕಟ್ಟು ನುಂಗಿತ್ತು. ಆ ಮ್ಯಾಚಿಗೆ ಹೋದ ಬಸ್ಸು, ಅರ್ಧ ದಾರಿಯಲ್ಲಿ ಇಳಿದು ಎಲ್ಲರೂ ತಳ್ಳಿದ್ದು, ತಳ್ಳುತ್ತ ತಳ್ಳುತ್ತ ಹಾಡಿದ್ದು, ವಿರಾಮದಲ್ಲಿ ಹೋಳು ಮಾಡಿ ಕೊಟ್ಟ ಕಿತ್ತಳೆಯ ತಣ್ಣನೆ ರಸ. ನೋಡುತ್ತ ನಿಂತರೆ ತನಿಖೆ ನಾಳೆಗೆ ಹೋಗುತ್ತದೆಂದು ಅವಳು ಕಣ್ಣು ಕೆಳಗಿಳಿಸಿದಳು.

“ಈ ಅದಲುಬದಲು ನಿನಗೆ ಬೇಕಾ, ಬೇಡ್ವಾ? ಕಮಿಟಿಗೆ ಹೇಳೋದಲ್ಲ. ನನಗೆ ಹೇಳು.”

ಕ್ಯಾಪ್ಟನ್ ಪೆನ್ನು ಕೆಳಗಿಟ್ಟಳು.

“ನಿನಗೆ ನೆನಪಿದೆಯಾ? ನನ್ನನ್ನೂ ಕೇಳಿದ್ರು. ದೊಡ್ಡ ಕ್ಲಬ್ಬು. ನನ್ನ ಬದಲಿಗೆ ಮೂವರನ್ನ ಕೊಡ್ತೀವಿ ಅಂದಿದ್ರು.”

“ನೆನಪಿಲ್ದೆ ಏನು. ಆಗಿನ ಅಧ್ಯಕ್ಷರು ಮೂರು ಸ್ಟೂಲ್ ಕೊಟ್ಟು ನಮ್ಮ ಕುರ್ಚಿ ಒಯ್ತೀರಾ ಅಂತ ಓಡಿಸಿದ್ರು. ನಾವೆಲ್ಲ ನಿನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕುಣಿದ್ವಿ. ಎಡಗಾಲು ನಾನು ಹಿಡಿದಿದ್ದೆ.”

“ಚೆನ್ನಾಗಿ ಕುಣಿದ್ರಿ. ನೀನು ಹೋಗ್ತೀಯಾ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.”

ಬೆಂಚಕ್ಕನ ಬಳಿ ತಯಾರಿದ್ದ ಪ್ರಶ್ನೆಗಳೆಲ್ಲ ಒಂದರ ಹಿಂದೊಂದು ಬಾಗಿಲ ಕಡೆ ಹೊರಟವು.

“ಹೋಗ್ತಿದ್ಯಾ?”

“ಗೊತ್ತಿಲ್ಲ ಕಣೇ. ಅದೇ ತಾನೆ ಬೇಜಾರು. ಕೇಳಿದ್ರೆ ಬೇಡ ಅಂತಿದ್ನೋ ಏನೋ.” ಕ್ಯಾಪ್ಟನ್ ನಕ್ಕಳು. “ನಿನ್ನ ಮುಖ ನೋಡಿದ್ರೆ ಬೇರೆ ಏನೋ ಕೇಳೋಕೆ ಬಂದಿದೀಯ. ಕೇಳು.”

ಬೆಂಚಕ್ಕ ಚೀಲದಿಂದ ಒಂದು ಬೋಳು ಸ್ಟಿಕ್ಕನ್ನೂ ಒಂದು ಸುರುಳಿ ಗ್ರಿಪ್ಪನ್ನೂ ತೆಗೆದು ಮೇಜಿನ ಮೇಲಿಟ್ಟಳು.

“ಸುತ್ತು.”

“ಈಗ?”

“ಹಿಂದೆಲ್ಲ ನಾಲ್ಕು ನಿಮಿಷ ಸಾಕಿತ್ತು ನಿನಗೆ.”

ಕ್ಯಾಪ್ಟನ್ ಅವಳನ್ನೇ ನೋಡಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸ್ಟಿಕ್ಕನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು, ಗ್ರಿಪ್ಪಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ಕೆಳಗಿನಿಂದ ಮೊದಲ ಸುತ್ತು ಹಾಕಿದಳು. ಗೆರೆ ಎಡಕ್ಕೆ ಏರಿತು. ಎರಡನೆಯ ಸುತ್ತಿಗೆ ಪಟ್ಟಿ ಸಡಿಲವಾಯಿತು. ಮೂರನೆಯದಕ್ಕೆ ಬೆರಳುಗಳಿಂದ ಜಾರಿ ನೆಲಕ್ಕೆ ಬಿದ್ದು ಕುರ್ಚಿಯ ಕೆಳಗೆ ಉರುಳಿತು.

“ಎಳೆಯೋಕೆ ಆಗಲ್ಲ,” ಎಂದಳು ಕ್ಯಾಪ್ಟನ್. “ಗಂಟು ನೋವು. ಮೂರು ವರ್ಷ ಆಯ್ತು. ಚಹಾ ಲೋಟಕ್ಕೆ ಎರಡು ಕೈ ಬೇಕು ಈಗ. ನೀನು ವಾರಕ್ಕೆರಡು ಸಲ ನನ್ನೆದುರು ಕೂತು ಕುಡೀತೀಯ, ನೋಡೇ ಇಲ್ವಾ?”

ನೋಡಿರಲಿಲ್ಲ. ಬೂದಿಯಲ್ಲಿ ಬೆಂಕಿಕಡ್ಡಿ ಹುಡುಕಿದ ಕಣ್ಣು, ಮೂರು ವರ್ಷದಿಂದ ಎದುರಿಗಿದ್ದ ಹತ್ತು ಬೆರಳನ್ನು ನೋಡಿರಲಿಲ್ಲ. ಈ ಮುಖ ಕಂಡಾಗಲೆಲ್ಲ ಅವಳು ನೋಡುತ್ತಿದ್ದದ್ದು ಫೋಟೋದವಳನ್ನು.

ಮಿಂಚುವಿನ ಸ್ಟಿಕ್ಕಿನ ಮೇಲಿನ ಗ್ರಿಪ್ಪೋ, ಉಗುರು ಹೋಗದಷ್ಟು ಬಿಗಿ.

“ನೀನಲ್ಲ,” ಎಂದಳು ಬೆಂಚಕ್ಕ.

“ನಾನಲ್ಲ. ಆದ್ರೆ ಹೀಗೆ ಸುತ್ತೋಳು ಇನ್ನೊಬ್ಬಳಿದಾಳೆ.” ಕ್ಯಾಪ್ಟನ್ ಕಿಟಕಿಯ ಕಡೆ ತಿರುಗಿದಳು. “ಹನ್ನೆರಡು ವರ್ಷದ ಹಿಂದೆ ಅಜ್ಜನಿಗೆ ಕಣ್ಣಿನ ಆಪರೇಷನ್ ಆಯ್ತಲ್ಲ, ಆ ತಿಂಗಳು ಹೊಸಬರಿಗೆ ಸುತ್ತೋದು ಹೇಳಿಕೊಟ್ಟಿದ್ದು ನಾನು. ಬಂದಿದ್ದು ಒಬ್ಬಳೇ. ಬಲಗೈಯವಳೇ. ಆದ್ರೆ ನನ್ನ ಪಕ್ಕ ಕೂತು, ನನ್ನ ಕೈ ನೋಡ್ಕೊಂಡು, ಹಾಗೇ ಎಡಕ್ಕೆ ಕಲಿತ್ಲು. ಬದಲಾಯಿಸ್ಕೋ ಅಂದೆ. ಕೈ ಕೇಳ್ತಿಲ್ಲ ಅಂದ್ಲು.”

“ಯಾರು?”

“ಕೈ ಹಿಡ್ಕೊಂಡು ಕರ್ಕೊಂಡು ಬಂದೋಳು ನೀನೇ. ನನ್ನನ್ನ ಕೇಳ್ತೀಯಾ?”

*

ನಾಲ್ಕೂ ಇಪ್ಪತ್ತಕ್ಕೆ ಕೋಟೆ ಗೋಲಿನ ಎದುರು ಒಬ್ಬಳೇ ಇದ್ದಳು. ಅರ್ಧವೃತ್ತದ 'ಡಿ' ಗೆರೆಯ ಬಳಿ ನಿಲ್ಲಿಸಿದ ಯಂತ್ರ ಹತ್ತು ಸೆಕೆಂಡಿಗೊಂದು ಚೆಂಡು ಉಗುಳುತ್ತಿತ್ತು. ಕೋಟೆ ಒಂದನ್ನು ಪ್ಯಾಡಿನಿಂದ ಒದ್ದಳು, ಇನ್ನೊಂದನ್ನು ಕೈಗವಸಿನಿಂದ ಬಡಿದಳು. ಮೂವತ್ತೊಂದರ ಹೆಂಗಸು; ಹೆಲ್ಮೆಟ್ಟಿನೊಳಗಿನ ಮುಖ ಮಾತ್ರ ಪರೀಕ್ಷೆ ಬರೆಯುವ ಹುಡುಗಿಯದು.

“ಪಕ್ಕಕ್ಕೆ ಬಾ ಚಿಕ್ಕಮ್ಮ. ಈ ವಯಸ್ಸಲ್ಲಿ ಹಲ್ಲು ಹೋದ್ರೆ ಮತ್ತೆ ಬರಲ್ಲ.”

“ಯಂತ್ರ ನಿಲ್ಸು.”

“ಇನ್ನೂ ಹದಿನಾಲ್ಕು ಚೆಂಡಿದೆ.”

ಬೆಂಚಕ್ಕ ತಾನೇ ಹೋಗಿ ಗುಂಡಿ ಒತ್ತಿದಳು. ಯಂತ್ರ ಗೊಣಗಿಕೊಂಡು ಸುಮ್ಮನಾಯಿತು.

“ಬುಧವಾರ ಬೆಳಿಗ್ಗೆ ಎಷ್ಟೊತ್ತಿಗೆ ಬಂದೆ?”

“ಆರಕ್ಕೆ. ದಿನಾ ಬರೋ ಹಾಗೆ.”

“ಅಜ್ಜನ ಕೋಣೆಗೆ ಹೋದ್ಯಾ?”

ಅಕ್ಕನ ಮಗಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳದೆ ಇರಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಕೋಟೆ ಹೆಲ್ಮೆಟ್ ತೆಗೆದು ಗೋಲಿನ ಬಲೆಯ ಮೇಲಿಟ್ಟಳು.

“ಸುತ್ತಿದ್ದು ನಾನೇ ಚಿಕ್ಕಮ್ಮ.”

ಎರಡು ದಿನ ಹುಡುಕಿದ ಉತ್ತರ ಸಿಕ್ಕಾಗ ಇಷ್ಟು ಬೇಸರವಾಗುತ್ತದೆಂದು ಬೆಂಚಕ್ಕನಿಗೆ ಗೊತ್ತಿರಲಿಲ್ಲ.

“ಹಳೇ ಗ್ರಿಪ್ ಎಲ್ಲಿ?”

“ಗೊತ್ತಿಲ್ಲ. ನಾನು ಹೋದಾಗ ಬರೀ ಮರ ಇತ್ತು. ಯಾರೋ ಮೊದಲೇ ಬಿಚ್ಚಿಕೊಂಡು ಹೋಗಿದ್ರು. ಆಣೆ.”

“ಬರೀ ಮರ ಇದ್ರೆ ನಿನಗೇನಾಗ್ಬೇಕಿತ್ತು? ಹಾಗೇ ಬಿಟ್ಟು ಬರೋದು ತಾನೆ?”

“ಬೆಳಿಗ್ಗೆ ಕೋಚ್ ಬರೋರಿದ್ರು. ಗ್ರಿಪ್ಪೇ ಇಲ್ಲ ಅಂದ್ರೆ ಯಾರೋ ಏನೋ ಮುಚ್ಚಿಟ್ರು ಅಂತ ಗಲಾಟೆ ಆಗ್ತಿತ್ತು. ಅದಲುಬದಲು ನಿಂತೇ ಹೋಗ್ತಿತ್ತು.”

“ನಿಲ್ಲಲಿ ಬಿಡೇ! ನಿಂತ್ರೆ ನಿನಗೇ ಒಳ್ಳೇದಲ್ವಾ?”

ಕೋಟೆ ಪ್ಯಾಡಿನ ಪಟ್ಟಿಯೊಂದನ್ನು ಬಿಚ್ಚಿದಳು, ಮತ್ತೆ ಹಾಕಿದಳು.

“ನನಗೆ ಹೋಗ್ಬೇಕು,” ಎಂದಳು.

ದೂರದಲ್ಲಿ ಟರ್ಫಿಗೆ ನೀರು ಚಿಮ್ಮಿಸುವ ಸದ್ದು ಕೇಳುತ್ತಿತ್ತು. ಬೆಂಚಕ್ಕನಿಗೆ ಮೊದಲು ಹೊಳೆದದ್ದು ತೀರ ಪೆದ್ದು ಮಾತು. “ಎಲ್ಲಿಗೆ?”

“ಅಲ್ಲಿಗೇ. ಎರಡು ವರ್ಷ ಆಡು, ಆಮೇಲೆ ಇಲ್ಲೇ ಇದ್ದು ಮಕ್ಕಳಿಗೆ ಗೋಲ್‌ಕೀಪಿಂಗ್ ಕಲಿಸು ಅಂತಿದಾರೆ. ಇಲ್ಲಿ ನನ್ನನ್ನ ಬಿಡಲ್ಲ. ಬದಲಿಗೆ ಯಾರಾದ್ರೂ ಬಂದ್ರೆ ಮಾತ್ರ ಬಿಡೋದು.”

“ನನ್ನ ಹತ್ರ ಹೇಳ್ಬಹುದಿತ್ತಲ್ಲ.”

“ನಿನ್ನ ಹತ್ರಾನಾ?” ಕೋಟೆ ನಕ್ಕಳು, ಒಳ್ಳೆಯ ನಗೆಯಲ್ಲ. “ಪ್ರತಿ ಮ್ಯಾಚಿಗೂ ಆ ಬೆಂಚಿನ ಹಿಂದಿನ ಸಾಲಲ್ಲೇ ಕೂತ್ಕೋತೀಯ. ನಾನು ಒಂದು ಚೆಂಡು ತಡೆದ್ರೆ ನಿನ್ನ ಎರಡೂ ಕೈ ಮೇಲೆ ಹೋಗತ್ತೆ. ನನಗೆ ಇಲ್ಲಿಂದ ಕಾಣ್ಸತ್ತೆ ಚಿಕ್ಕಮ್ಮ. ನೀನು ಆಡದೇ ಹೋದ ಮ್ಯಾಚೆಲ್ಲ ನಾನು ಆಡಿದೀನಿ. ಹನ್ನೆರಡು ವರ್ಷ ಆಯ್ತು. ಇನ್ನೆಷ್ಟು ಬಾಕಿ ಇದೆ ಹೇಳು, ಆಡಿ ಮುಗಿಸಿ ಹೋಗ್ತೀನಿ.”

ಮೂವತ್ತು ವರ್ಷದ ತನಿಖೆಯಲ್ಲಿ ಎಷ್ಟೋ ಜನ ಅವಳ ಮೇಲೆ ಕೂಗಾಡಿದ್ದರು. ಒಬ್ಬನಂತೂ ಕುರ್ಚಿ ಎತ್ತಿದ್ದ. ಈ ಮೆಲುದನಿಯ ಎದುರು ಅದೆಲ್ಲ ಮಕ್ಕಳಾಟ. ಈ ಹುಡುಗಿಯನ್ನು ಮೊದಲ ದಿನ ಗೇಟಿನೊಳಗೆ ಕರೆತಂದಾಗ ಅವಳ ಕೈ ಬೆವರಿತ್ತು. ಖುಷಿಗೆ ಎಂದು ಬೆಂಚಕ್ಕ ಹನ್ನೆರಡು ವರ್ಷ ನಂಬಿಕೊಂಡಿದ್ದಳು.

ಆದರೂ ಕೇಳಬೇಕಾದ್ದನ್ನು ಕೇಳದಿರಲು ಅವಳಿಗೆ ಬರುತ್ತಿರಲಿಲ್ಲ.

“ಅವಳಿಗಳು? ಅವರಿಗೆ ಹೋಗೋಕೆ ಇಷ್ಟ ಇಲ್ಲ. ಚಿಕ್ಕೋಳು ನಿನ್ನೆ ಬಟ್ಟೆ ಬದಲಾಯಿಸೋ ಕೋಣೇಲಿ ಕೂತು ಅತ್ತಳಂತೆ.”

“ಗೊತ್ತು. ನನ್ನ ಹೆಗಲ ಮೇಲೇ ಅತ್ತಿದ್ದು.”

“ಮಣಿಕಟ್ಟು ಹೋದೋಳನ್ನ ಈ ಕ್ಲಬ್ಬಿನ ತಲೆಗೆ ಕಟ್ಟಿ, ಆ ಎರಡು ಮಕ್ಕಳನ್ನೂ ಎಳ್ಕೊಂಡು ಹೋಗ್ತೀಯಾ? ಅಜ್ಜನ ಕಣ್ಣು ಹೋಗಿದೆ ಅಂತ ಊರೆಲ್ಲ ಆಡಿಕೊಳ್ಳೋದು ಕೇಳ್ಕೊಂಡು ಸುಮ್ನಿದ್ಯಲ್ಲೇ?”

ಕೋಟೆಯ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಗವಸು ಬಿಡಲಿಲ್ಲ.

“ಅದನ್ನೆಲ್ಲ ಯೋಚಿಸಿಲ್ಲ ಅನ್ಕೊಂಡ್ಯಾ?”

“ಯೋಚಿಸಿನೂ ಸುತ್ತಿದೆ.”

“ಹೂಂ. ಯೋಚಿಸಿನೂ ಸುತ್ತಿದೆ.” ಅವಳು ಹೆಲ್ಮೆಟ್ ಎತ್ತಿಕೊಂಡಳು. “ಐದಕ್ಕೆ ಏನು ಹೇಳ್ತೀಯ ಅವರಿಗೆ?”

ಬೆಂಚಕ್ಕ ಲೆಕ್ಕ ಹಾಕಿದಳು. ನಿಜ ಹೇಳಿದರೆ ಅದಲುಬದಲು ಮುರಿಯುತ್ತದೆ, ಅಜ್ಜನ ಮಾನ ಉಳಿಯುತ್ತದೆ, ಅವಳಿಗಳು ಉಳಿಯುತ್ತಾರೆ, ಕೋಟೆಯೂ ಉಳಿಯುತ್ತಾಳೆ. ಇಷ್ಟವಿಲ್ಲದೆ ಉಳಿಯುತ್ತಾಳೆ. ಸುಮ್ಮನಿದ್ದರೆ ಅಕ್ಕನ ಮಗಳಿಗೆ ನಾಳೆ ಬೆಳಿಗ್ಗೆ ಬಿಡುಗಡೆ. ಒಂದು ಗಂಟೆಯ ಹಿಂದೆ ನಿಜವೂ ತನ್ನ ಆಸೆಯೂ ಒಂದೇ ಕಡೆ ಇದ್ದವು. ಈಗ ಆಸೆ ಯಾವ ಕಡೆ ಇರಬೇಕೆಂಬುದೇ ತಿಳಿಯದು.

ಅವಳ ಬೆನ್ನ ಹಿಂದೆ ಯಂತ್ರ ಮತ್ತೆ ಚೆಂಡು ಉಗುಳತೊಡಗಿತು.

*

ಐದಕ್ಕೆ ಸರಿಯಾಗಿ ಕ್ಯಾಪ್ಟನ್ ಮೇಜು ತಟ್ಟಿದಳು. ಮೇಜಿನ ಸುತ್ತ ಕೋಚ್, ಕಾರ್ಯದರ್ಶಿ, ಇಬ್ಬರು ಹಿರಿಯ ಸದಸ್ಯೆಯರು. ಮಣಿಕಟ್ಟಿನ ಮಾತು ಎತ್ತಿದವನೆಂದು ಅಜ್ಜನನ್ನೂ ಕರೆಸಿ ಬಾಗಿಲ ಬಳಿ ಕೂರಿಸಿದ್ದರು. ಆತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಕೋಚ್ ಮೊದಲು ಎದ್ದ. ಬುದ್ಧಿವಂತ; ಮಾತು ಅರೆದು ಕೊಡುತ್ತಿದ್ದ.

“ಹನ್ನೊಂದು ವರ್ಷದಿಂದ ಕಪ್ ಇಲ್ಲ. ಮೂವರು ಒಳ್ಳೆಯವರು ಸೇರಿದ್ರೆ ಒಬ್ಬ ಮಿಂಚು ಆಗಲ್ಲ. ಕೋಟೆ ಇನ್ನೆಷ್ಟು ವರ್ಷ ಆಡ್ತಾರೆ? ಎರಡು? ಅವಳಿಗಳು ಮುಂದೆ ಏನಾಗ್ತಾರೋ ಯಾರಿಗೆ ಗೊತ್ತು. ಮಿಂಚು ಏನು ಅಂತ ಇವತ್ತೇ ಗೊತ್ತಿದೆ. ಇಷ್ಟಿದ್ರೂ ಅಡ್ಡ ಬರ್ತಿರೋದು ಒಂದೇ: ಒಬ್ಬ ಹಿರಿಯರು ಕಂಡೆ ಅಂತಿರೋ ಒಂದು ಗ್ರಿಪ್. ಅದು ಎಲ್ಲೂ ಇಲ್ಲ.”

“ಚೆಂದ ಹೇಳ್ತಾನೆ,” ಎಂದಳು ಒಬ್ಬ ಸದಸ್ಯೆ ಪಕ್ಕದವಳಿಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

“ಬೆಂಚಕ್ಕ?” ಎಂದಳು ಕ್ಯಾಪ್ಟನ್.

ಬೆಂಚಕ್ಕ ಎದ್ದಳು. ಎದುರಿಗೆ ಮತ್ತೆ ಆ ಫೋಟೋ. ಈ ಸಲ ಅವಳು ಅದನ್ನು ಬಿಟ್ಟು ಅಜ್ಜನ ಇಸ್ತ್ರಿ ಅಂಗಿಯನ್ನು ನೋಡಿದಳು.

“ಹೊಸ ಗ್ರಿಪ್ ಸುತ್ತಿದ್ದು ನನ್ನ ಅಕ್ಕನ ಮಗಳು,” ಎಂದಳು. “ಅವಳೇ ಒಪ್ಪಿಕೊಂಡಿದಾಳೆ.”

ಕಾರ್ಯದರ್ಶಿಯ ಕೈಯಲ್ಲಿದ್ದ ಬಿಸ್ಕತ್ತು ಅರ್ಧ ದಾರಿಯಲ್ಲೇ ನಿಂತಿತು.

“ಯಾಕೆ?” ಎಂದ ಕೋಚ್.

“ಅದನ್ನ ಅವಳನ್ನೇ ಕರೆಸಿ ಕೇಳಿ. ಕೊಡೋದಾ, ಇಟ್ಕೊಳ್ಳೋದಾ ಅಂತ ಮೂರು ವಾರದಿಂದ ಮಾತಾಡ್ತಿದೀರ. ಅವಳನ್ನಾಗಲಿ ಆ ಮಕ್ಕಳನ್ನಾಗಲಿ ಒಂದ್ಸಲ ಕೇಳಿದ್ರಾ? ನಾನೂ ಕೇಳಲಿಲ್ಲ, ಅದು ಬೇರೆ ಮಾತು.” ಅವಳು ಕೋಚ್ ಕಡೆ ತಿರುಗಿದಳು. “ಅಜ್ಜನ ಕಣ್ಣು ಸರಿಯಾಗೇ ಇದೆ. ಹಳೇ ಗ್ರಿಪ್ ಇತ್ತು. ಅದನ್ನ ಬಿಚ್ಚಿದೋರು ಬೇರೆ, ಕೋಟೆ ಅಲ್ಲ. ಅವರು ಯಾರು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.”

ಬಾಗಿಲ ಬಳಿ ಕುರ್ಚಿ ಕಿರುಗುಟ್ಟಿತು.

“ನಾನು,” ಎಂದ ಅಜ್ಜ.

ಅಜ್ಜ ಬೆಂಚಕ್ಕನ ಕಡೆ ಮಾತ್ರ ನೋಡುತ್ತಿದ್ದ, ಎಂಟನೆಯ ಸಲ ಸುತ್ತಿ ತಂದವಳನ್ನು ನೋಡಿದ ಹಾಗೆ.

“ಎರಡು ದಿನದಿಂದ ಎಲ್ಲಾ ಕೇಳಿದೆ ನೀನು. ಯಾವ ಕೈ ಸುತ್ತಿತು, ಎಲ್ಲಿಂದ ಸುತ್ತಿತು, ಎಷ್ಟು ಬಿಗಿ. ಬಿಚ್ಚಿದ್ದು ನೀವಾ ಮಾಮ ಅಂತ ಮಾತ್ರ ಕೇಳಲಿಲ್ಲ. ಕೇಳಿದ್ರೆ ಸುಳ್ಳು ಹೇಳ್ತಿರಲಿಲ್ಲ.”

“ಯಾಕೆ ಬಿಚ್ಚಿದ್ರಿ?” ಕ್ಯಾಪ್ಟನ್ನಿನ ದನಿ ಮೈದಾನದಲ್ಲಿ ಕೇಳಿಸುತ್ತಿದ್ದ ಹಳೆಯ ದನಿ.

“ಬಿಚ್ಚಿ ಅಂದ್ಲು. ಸ್ಟಿಕ್ ಅವಳದ್ದು, ನಾನು ಬೇಡ ಅನ್ನೋಕಾಗತ್ತಾ?”

“ಯಾರು ಅಂದ್ಲು?”

“ಮಿಂಚು. ಮಂಗಳವಾರ ಸಂಜೆ ಒಬ್ಬಳೇ ಬಂದಿದ್ಲು. ಯಾರಿಗೂ ಹೇಳಬೇಡಿ ಅಂತ ಮಾತು ತಗೊಂಡ್ಲು. ಇವತ್ತು ನಾಲ್ಕೂವರೆಗೆ ಮತ್ತೆ ಬಂದು, ಆ ಮಾತಿಂದ ನಿಮ್ಮನ್ನ ಬಿಟ್ಟಿದೀನಿ ಅಜ್ಜ, ಹೇಳಿಬಿಡಿ ಅಂದ್ಲು.”

ಕೋಚ್ ಅರ್ಧ ಎದ್ದಿದ್ದ. “ಇಲ್ಲಿ? ಈಗ ಎಲ್ಲಿದಾರೆ?”

“ಕೆಳಗೆ, ನನ್ನ ಕೋಣೇಲಿ. ಕೂತ್ಕೊಳ್ಳಿ ಸ್ವಾಮಿ, ನೀವು ಹೋಗಿ ಪ್ರಯೋಜನ ಇಲ್ಲ. ಕಮಿಟಿ ಹತ್ರ ಮಾತಾಡಲ್ವಂತೆ. ಬೆಂಚಕ್ಕನ ಹತ್ರಾನೂ ಮಾತಾಡಲ್ವಂತೆ.” ಅಜ್ಜ ಮುಂದಿನದನ್ನು ಬೆಂಚಕ್ಕನ ಮುಖ ನೋಡದೆ, ನೆಲಕ್ಕೆ ಹೇಳಿದ.

“ಕೋಟೆ ಒಬ್ಬಳನ್ನೇ ಕಳಿಸಿ ಅಂತಿದಾಳೆ. ತನ್ನ ಮಣಿಕಟ್ಟು ಮುರಿದಿದ್ದು ಹೇಗೆ ಅಂತ ತನ್ನನ್ನು ಬಿಟ್ರೆ ಗೊತ್ತಿರೋದು ಕೋಟೆ ಒಬ್ಬಳಿಗೇ ಅಂತೆ.”